ಹಳೇ ರೌಟರ್ ಅಟ್ಟಕ್ಕೆ ಹಾಕಬೇಡಿ: ಮನೆಯ ವೈಫೈಗೆ ಎರಡನೆಯದನ್ನು ಜೋಡಿಸುವ ಬಗೆ

ಫೈಬರ್ ಹಾಕಲು ಬಂದವರು ತಂತಿ ಮನೆಯೊಳಗೆ ಎಲ್ಲಿ ಸುಲಭವಾಗಿ ನುಗ್ಗುತ್ತದೋ ಅಲ್ಲೇ ವೈಫೈ ಬೀರುವ ಡಬ್ಬಿಯನ್ನು, ಅಂದರೆ ರೌಟರನ್ನು, ಗೋಡೆಗೆ ಹೊಡೆದು ಹೋಗುತ್ತಾರೆ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅದು ಜಗಲಿಯ ಮೂಲೆಗೆ ಬಂತು. ಜಗಲಿಯಲ್ಲಿ ಕೂತರೆ ವಿಡಿಯೊ ಸರಾಗ. ನಡುಮನೆ ದಾಟಿ ಅಡುಗೆಮನೆಗೆ ಹೋದರೆ ವಾಟ್ಸಾಪಿನ ಫೋಟೊ ಕೂಡ ಸುತ್ತುತ್ತ ಕೂರುತ್ತಿತ್ತು. 2020ರಲ್ಲಿ ಬೆಂಗಳೂರಿನಿಂದ ಬಂದು ಮೆತ್ತಿನ (ಮಹಡಿಯ) ಮೇಲೆ ಕೆಲಸಕ್ಕೆ ಕೂತ ತಮ್ಮನಿಗಂತೂ ಮೀಟಿಂಗಿನ ನಡುವೆ ದನಿ ಕಡಿಯದ ದಿನವಿರಲಿಲ್ಲ. ನಮ್ಮದು ಕೆಂಪುಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸೋತು ಸುಣ್ಣವಾಗುತ್ತದೆ. ಪೇಟೆಯ ಮನೆಗಳಲ್ಲಿ ಇದೇ ಕೆಲಸವನ್ನು ಕಬ್ಬಿಣದ ಸರಳು ತುಂಬಿದ ಆರ್‌ಸಿಸಿ ತಾರಸಿ ಮಾಡುತ್ತದೆ.

ಇದಕ್ಕೆ ಹೆಚ್ಚಿನವರು ಹುಡುಕುವ ಪರಿಹಾರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಎಕ್ಸ್‌ಟೆಂಡರ್. ಅದನ್ನು ಕೊಳ್ಳುವ ಮೊದಲು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲೊಮ್ಮೆ ಕೈಯಾಡಿಸಿ. ಹಿಂದಿನ ಕನೆಕ್ಷನ್ನಿನ ರೌಟರ್ ಅಲ್ಲಿರುವ ಸಾಧ್ಯತೆ ಹೆಚ್ಚು. ಎರಡು ರೌಟರ್ ನಡುವೆ ಮಾಹಿತಿ ಒಯ್ಯುವ ಲ್ಯಾನ್ ಕೇಬಲ್ ಎಂಬ ತಂತಿ ಎಳೆದು ಅದನ್ನು ಸರಿಯಾಗಿ ಜೋಡಿಸಿದರೆ ಎಕ್ಸ್‌ಟೆಂಡರ್‌ಗಿಂತ ಎಷ್ಟೋ ಚೆನ್ನಾಗಿ ನಡೆಯುತ್ತದೆ. ನಮ್ಮ ಮನೆಯಲ್ಲಿ ಅಂದಿನಿಂದ ಇಂದಿನವರೆಗೂ ಹಾಗೇ ನಡೆದಿದೆ.

ಮೊದಲು ರೋಗ ಯಾವುದೆಂದು ನೋಡಿ

ಮೊಬೈಲ್ ಹಿಡಿದು ಫೈಬರ್ ಡಬ್ಬಿಯಿಂದ ಎರಡು ಹೆಜ್ಜೆ ದೂರ ನಿಂತು ಒಂದು ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ನೆಟ್ ಸಿಗದ ಕೋಣೆಯಲ್ಲಿ ಇನ್ನೊಂದು. ಡಬ್ಬಿಯ ಹತ್ತಿರವೇ ನಿಧಾನವಿದ್ದರೆ ತೊಂದರೆ ಲೈನಿನದು, ಹತ್ತು ರೌಟರ್ ಇಟ್ಟರೂ ಅದು ಹೋಗದು. ಹತ್ತಿರದಲ್ಲಿ 90 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ವೇಗದ ಅಳತೆ) ಬಂದು ಕೋಣೆಯಲ್ಲಿ 4 ಬಂದರೆ ಮಾತ್ರ ಮುಂದೆ ಓದಿ.

ಡಬ್ಬಿ ಟಿವಿಯ ಹಿಂದೆಯೋ ಕಬ್ಬಿಣದ ಕಪಾಟಿನ ಒಳಗೋ ಇದ್ದರೆ ಅದನ್ನು ಹೊರಗೆ, ಎದೆಯೆತ್ತರಕ್ಕೆ ತಂದು ನೋಡಿ. ಕೆಲವೊಮ್ಮೆ ಅಷ್ಟೇ ಸಾಕಾಗುತ್ತದೆ. ತರುವಾಗ ಒಂದು ಎಚ್ಚರ: ಡಬ್ಬಿಗೆ ಬಂದಿರುವ ಸಪೂರ ಫೈಬರ್ ತಂತಿಯ ಒಳಗಿರುವುದು ಗಾಜು. ಎಳೆದರೆ, ಚೂಪಾಗಿ ಮಡಚಿದರೆ ಬೆಳಕು ಹಾಯುವುದಿಲ್ಲ. ತಂತಿ ಸಾಲದಿದ್ದರೆ ಕನೆಕ್ಷನ್ ಕೊಟ್ಟವರನ್ನೇ ಕರೆಸಿ.

ಕೆಲಸದ ಗುಟ್ಟು

ರೌಟರ್ ಒಂದೇ ಡಬ್ಬಿಯಂತೆ ಕಂಡರೂ ಅದರೊಳಗೆ ಮೂರು ಕೆಲಸ ನಡೆಯುತ್ತದೆ. ಹೊರಗಿನ ಇಂಟರ್‌ನೆಟ್ಟಿಗೂ ಮನೆಯೊಳಗಿನ ಸಾಧನಗಳಿಗೂ ನಡುವೆ ನಿಂತು ಮಾಹಿತಿಯನ್ನು ದಾಟಿಸುವುದು ಒಂದು. ಮನೆಯ ಪ್ರತಿ ಫೋನು, ಟಿವಿ, ಲ್ಯಾಪ್‌ಟಾಪಿಗೆ ಒಂದೊಂದು ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡುವುದು ಇನ್ನೊಂದು. ಇದಕ್ಕೆ ಡಿಎಚ್‌ಸಿಪಿ ಎಂದು ಹೆಸರು. ವೈಫೈ ಅಲೆ ಬೀರುವುದು ಮೂರನೆಯದು. ಎರಡನೇ ರೌಟರಿನಿಂದ ನಮಗೆ ಬೇಕಾದ್ದು ಮೂರನೆಯದು ಮಾತ್ರ. ಮೊದಲೆರಡು ಕೆಲಸ ಜಗಲಿಯ ಡಬ್ಬಿಗೇ ಇರಲಿ.

ಎರಡೂ ರೌಟರ್ ವಿಳಾಸ ಹಂಚಲು ಹೊರಟರೆ ಏನಾಗುತ್ತದೆ? ಒಂದೇ ಊರಿನ ಮನೆಗಳಿಗೆ ಇಬ್ಬರು ಬೇರೆ ಬೇರೆ ಪಟ್ಟಿ ಹಿಡಿದು ನಂಬರ್ ಬರೆದಂತೆ. ಕಾಗದ ಯಾರ ಮನೆಗೆ ಮುಟ್ಟಬೇಕೆಂದು ಅಂಚೆಯವನಿಗೆ ತಿಳಿಯುವುದಿಲ್ಲ. ಎರಡನೇ ರೌಟರ್ ಹಾಕಿ ಕೈಸುಟ್ಟುಕೊಂಡ ಮನೆಗಳಲ್ಲಿ ನಾನು ಕಂಡ ಕಾರಣ ಬಹುತೇಕ ಇದೊಂದೇ. ಆದ್ದರಿಂದ ಮುಂದಿನ ಹಂತಗಳೆಲ್ಲ ಎರಡನೆಯದನ್ನು ಬರೀ ವೈಫೈ ಬೀರುವ ಡಬ್ಬಿಯಾಗಿ ಮಾಡುವ ಹಂತಗಳು.

ಯಾವ ರೌಟರ್ ಆಗುತ್ತದೆ? ಲ್ಯಾನ್ ಪೋರ್ಟ್ ಇರುವ ಯಾವುದಾದರೂ ಸರಿ. 2005ರ ನಂತರ ಲ್ಯಾಂಡ್‌ಲೈನ್ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬಂತಲ್ಲ, ಆ ಕಾಲದ ವೈಫೈ ಮೋಡೆಮ್ ಕೂಡ ಈ ಕೆಲಸಕ್ಕೆ ಬರುತ್ತದೆ. ಅದರ ಫೋನ್ ತಂತಿಯ ತೂತನ್ನು ಖಾಲಿ ಬಿಟ್ಟು ಲ್ಯಾನ್ ಪೋರ್ಟ್‌ಗಳನ್ನಷ್ಟೇ ಬಳಸುತ್ತೇವೆ. ವೈಫೈ ಭದ್ರತೆಯಲ್ಲಿ ಡಬ್ಲ್ಯೂಪಿಎ2 ಇಲ್ಲದ, ಬರೀ ಡಬ್ಲ್ಯೂಇಪಿ ಇರುವ ತೀರಾ ಹಳೆಯದಾದರೆ ಬೇಡ. ಅದರ ಬೀಗ ಮುರಿಯಲು ನಿಮಿಷಗಳು ಸಾಕು.

ಅಡಾಪ್ಟರಿನ ಬಗ್ಗೆ ಒತ್ತಿ ಹೇಳುತ್ತೇನೆ. ಹಳೇ ರೌಟರ್‌ಗಳಲ್ಲಿ 9 ವೋಲ್ಟಿನವು ಬಹಳ, ಫೈಬರ್ ಡಬ್ಬಿಗಳು ಹೆಚ್ಚಾಗಿ 12 ವೋಲ್ಟಿನವು. ಎರಡರ ಪಿನ್ನೂ ನೋಡಲು ಒಂದೇ ತರ, ಸಿಕ್ಕಿಸಿದರೆ ಕೂರುತ್ತದೆ. 9 ವೋಲ್ಟಿನದಕ್ಕೆ 12 ಕೊಟ್ಟರೆ ರೌಟರ್ ಸುಟ್ಟುಹೋಗಬಹುದು. ರೌಟರಿನ ತಳದ ಸ್ಟಿಕರಿನಲ್ಲಿ ಬರೆದ ವೋಲ್ಟೂ ಅಡಾಪ್ಟರಿನ ವೋಲ್ಟೂ ಒಂದೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು.

ತಂತಿ ಎಳೆಯುವುದು

ಇಡೀ ಕೆಲಸದಲ್ಲಿ ಮೈಮುರಿಯುವ ಭಾಗ ಇದೇ, ಫಲ ಕೊಡುವುದೂ ಇದೇ. ಅಂಗಡಿಯಲ್ಲಿ ‘ಕ್ಯಾಟ್ 6 ಲ್ಯಾನ್ ಕೇಬಲ್’ ಎಂದು ಕೇಳಿ. ‘ಕ್ಯಾಟ್ 5ಇ’ ಆದರೂ ಸಾಕು, ಎರಡೂ ಸೆಕೆಂಡಿಗೆ ಒಂದು ಗಿಗಾಬಿಟ್ (1000 ಎಂಬಿಪಿಎಸ್) ಒಯ್ಯುತ್ತವೆ. ಒಳಗಿನ ಎಳೆ ಪೂರ್ತಿ ತಾಮ್ರದ್ದೇ ಎಂದು ಕೇಳಿ ತಿಳಿಯಿರಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಬಾಗಿಸುವಲ್ಲಿ ಮುರಿಯುತ್ತದೆ. ಒಂದು ಕೇಬಲಿನ ಉದ್ದಕ್ಕೆ ಮಿತಿ 100 ಮೀಟರ್. ಮನೆಯೊಳಗೆ ಅಷ್ಟು ಬೇಕಾಗುವುದೇ ಇಲ್ಲ.

ಕರೆಂಟಿನ ವೈರ್ ಇರುವ ಪೈಪಿನೊಳಗೇ ಇದನ್ನೂ ತೂರಿಸಬೇಡಿ. ಅಪಾಯ, ಮೇಲಾಗಿ ಸಿಗ್ನಲ್ಲಿಗೂ ಗಲಾಟೆ. ನಾವು ಜಗಲಿಯ ಮೂಲೆಯಿಂದ ಗೋಡೆಗುಂಟ ಪಟ್ಟಿ ಹೊಡೆದು ಮೆತ್ತಿನ ಹಲಗೆಯ ಸಂದಿನಲ್ಲಿ ಮೇಲೆ ಹಾಯಿಸಿದೆವು. ಆರ್‌ಸಿಸಿ ಮನೆಯಲ್ಲಿ ಟಿವಿ ಕೇಬಲ್ ಇಳಿಸಿದ ಪೈಪಿನಲ್ಲಿ ಜಾಗವಿರುತ್ತದೆ, ಅದನ್ನು ನೋಡಿ.

ತುದಿಗೆ ಪ್ಲಗ್ ಕೂರಿಸುವುದನ್ನು ಕ್ರಿಂಪಿಂಗ್ ಅನ್ನುತ್ತಾರೆ. ಸಿಸಿಟಿವಿ ಹಾಕುವ ಹುಡುಗರು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ನೀವೇ ಮಾಡುವುದಾದರೆ ಪ್ಲಗ್ಗಿನ ಕೊಂಡಿಯನ್ನು ಕೆಳಮುಖ ಹಿಡಿದು, ಎಡದಿಂದ ಬಲಕ್ಕೆ ಬಣ್ಣಗಳ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಎಂಟರಲ್ಲಿ ಒಂದು ಎಳೆ ಕೂರದಿದ್ದರೂ ಗಿಗಾಬಿಟ್ ಬಾರದು. ಲೈನು 100 ಎಂಬಿಪಿಎಸ್‌ಗೆ ಇಳಿಯುತ್ತದೆ, ಇಲ್ಲವೇ ನಿಂತೇಹೋಗುತ್ತದೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಲ್ಯಾನ್ ಕೇಬಲನ್ನು ಮನೆಯ ಹೊರಗಿಂದ, ಅಂಗಳದ ಮೇಲಿಂದ ಕೊಟ್ಟಿಗೆಗೋ ಪಕ್ಕದ ಮನೆಗೋ ಎಳೆಯುವ ಆಸೆ ಬೇಡ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಎಲ್ಲೋ ದೂರ ಬಡಿದ ಸಿಡಿಲೂ ಆ ತಾಮ್ರದಲ್ಲಿ ವಿದ್ಯುತ್ ಹುಟ್ಟಿಸಿ ಎರಡೂ ಕಡೆಯ ಪೋರ್ಟ್ ಸುಡಬಲ್ಲದು. ಹೊರಗೆ ಒಯ್ಯಲೇಬೇಕಾದರೆ ಆ ಭಾಗಕ್ಕೆ ಫೈಬರ್ ಹಾಕಿಸಿ, ಎರಡು ತುದಿಗೂ ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ಲಿಗೆ ಬದಲಿಸುವ ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಡಬ್ಬಿ ಇಡಿಸಿ. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಫೈಬರಿಗೆ 100 ಮೀಟರಿನ ಮಿತಿಯೂ ಇಲ್ಲ. ಲೋಹದ ತಂತಿಯ ಆಧಾರವಿಲ್ಲದ ಫೈಬರನ್ನೇ ಕೇಳಿ.

ಜಗಲಿಯ ಡಬ್ಬಿಯ ವಿಳಾಸ

ಫೋನನ್ನು ಮನೆಯ ವೈಫೈಗೆ ಸೇರಿಸಿ, ಸೆಟ್ಟಿಂಗ್ಸಿನಲ್ಲಿ ಆ ವೈಫೈ ಹೆಸರಿನ ಪಕ್ಕದ ಚಕ್ರದ ಗುರುತು ಒತ್ತಿ. ಅಲ್ಲಿ ‘ಐಪಿ ಅಡ್ರೆಸ್’, ‘ಗೇಟ್‌ವೇ’ ಎಂಬ ಎರಡು ಸಾಲು ಸಿಗುತ್ತವೆ. ಐಫೋನಿನಲ್ಲಿ ಚಕ್ರದ ಬದಲು ‘i’ ಗುರುತು, ಗೇಟ್‌ವೇ ಬದಲು ‘ರೌಟರ್’ ಎಂದಿರುತ್ತದೆ. ಅದೇ ಮೊದಲ ರೌಟರಿನ ವಿಳಾಸ. ಹಲವು ಮನೆಗಳಲ್ಲಿ 192.168.1.1, ಕೆಲವೆಡೆ 192.168.0.1, ಜಿಯೊಫೈಬರ್‌ನಲ್ಲಿ ಸಾಮಾನ್ಯವಾಗಿ 192.168.29.1. ಎಲ್ಲರ ಮನೆಯಲ್ಲೂ 192.168 ಎಂದೇ ಶುರುವಾಗುತ್ತದಲ್ಲ ಎಂದು ನಿಮಗೆ ಅನ್ನಿಸಬಹುದು. ಮನೆ, ಕಚೇರಿಗಳ ಒಳಬಳಕೆಗೆಂದು ಹೊರಗಿನ ಇಂಟರ್‌ನೆಟ್ಟಿನಲ್ಲಿ ಬಳಸದೆ ಬಿಟ್ಟ ಮೂರು ಗುಂಪುಗಳಲ್ಲಿ ಇದೊಂದು. 1996ರ ಇಂಟರ್‌ನೆಟ್ ನಿಯಮ ಅದು. ಹಾಗಾಗಿ ನಿಮ್ಮ ಮನೆಯ 192.168.1.1 ನಿಮ್ಮ ಮನೆಯೊಳಗೆ ಮಾತ್ರ ಅರ್ಥವುಳ್ಳದ್ದು.

ನಮ್ಮ ಉದಾಹರಣೆಗೆ 192.168.1.1 ಎಂದಿಟ್ಟುಕೊಳ್ಳೋಣ. ಎರಡನೇ ರೌಟರಿಗೆ ಚುಕ್ಕೆಗಳಿಂದ ಬೇರಾದ ಮೊದಲ ಮೂರು ಸಂಖ್ಯೆ ಅವೇ ಇದ್ದು ಕೊನೆಯದು ಮಾತ್ರ ಬೇರೆ ಇರುವ ವಿಳಾಸ ಕೊಡಬೇಕು: 192.168.1.2. ಈ ವಿಳಾಸ ಮೊದಲ ರೌಟರ್ ಫೋನುಗಳಿಗೆ ಹಂಚುವ ಸಾಲಿನೊಳಗೆ ಬರಬಾರದು. ಮೊದಲ ರೌಟರಿನ ಡಿಎಚ್‌ಸಿಪಿ ಪುಟದಲ್ಲಿ (ಬ್ರೌಸರಿನಲ್ಲಿ 192.168.1.1 ಹೊಡೆದು ಒಳಗೆ ಹೋದರೆ ಸಿಗುತ್ತದೆ) ‘100ರಿಂದ 199’ ಅಂತಿದ್ದರೆ ಚಿಂತೆಯಿಲ್ಲ. ‘2ರಿಂದ 254’ ಅಂತಿದ್ದರೆ ಶುರುವನ್ನು 10ಕ್ಕೆ ಬದಲಿಸಿ. ಕಂಪನಿಯವರು ಪಾಸ್‌ವರ್ಡ್ ಕೊಡದೆ ಆ ಪುಟವೇ ತೆರೆಯದಿದ್ದರೆ 192.168.1.250ರಂಥ ಕೊನೆಯ ಕಡೆಯ ಸಂಖ್ಯೆ ಆರಿಸಿ. ಡಿಕ್ಕಿಯಾಗುವ ಸಂಭವ ಕಡಿಮೆ. ಇದನ್ನು ಬಿಟ್ಟರೆ ಕಂಪನಿಯ ಡಬ್ಬಿಯಲ್ಲಿ ಏನನ್ನೂ ಮುಟ್ಟುವುದು ಬೇಕಿಲ್ಲ.

ಎರಡನೆಯದನ್ನು ಪಳಗಿಸುವುದು

ಇದನ್ನು ಮೇಜಿನ ಮೇಲಿಟ್ಟುಕೊಂಡು, ಮೊದಲ ರೌಟರಿಗೆ ತಂತಿ ಜೋಡಿಸದೆ ಮಾಡಬೇಕು. ಎರಡಕ್ಕೂ ಹುಟ್ಟಿನಿಂದ 192.168.1.1 ಎಂದೇ ವಿಳಾಸವಿದ್ದರೆ, ಮೊದಲೇ ಜೋಡಿಸಿದಾಗ ಯಾವುದರ ಪುಟ ತೆರೆದಿದೆ ಎಂಬುದೇ ತಿಳಿಯದು.

ಕರೆಂಟ್ ಕೊಟ್ಟು, ದೀಪಗಳು ನಿಂತ ಮೇಲೆ ಹಿಂಬದಿಯ ರಿಸೆಟ್ ಗುಂಡಿಯನ್ನು ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಗುಂಡಿ ತೂತಿನ ಒಳಗಿದ್ದರೆ ಸೇಫ್ಟಿ ಪಿನ್ ಬೇಕು. ಎಲ್ಲ ದೀಪ ಒಮ್ಮೆ ಮಿನುಗಿ ರೌಟರ್ ಹೊಸದಾಗಿ ಶುರುವಾಗುತ್ತದೆ. ಹಳೇ ಕನೆಕ್ಷನ್ನಿನ ಸೆಟ್ಟಿಂಗ್ ಎಲ್ಲ ಹೋಯಿತು. ಈಗ ತಳದ ಸ್ಟಿಕರ್ ಓದಿ: ವೈಫೈ ಹೆಸರು, ಅದರ ಪಾಸ್‌ವರ್ಡ್, ಪುಟದ ವಿಳಾಸ, ಲಾಗಿನ್, ಎಲ್ಲ ಅಲ್ಲಿವೆ.

ಲ್ಯಾಪ್‌ಟಾಪಿದ್ದರೆ ಲ್ಯಾನ್ ಪೋರ್ಟಿಗೆ ತಂತಿ ಹಾಕಿ. ಫೋನಿನಿಂದಲೂ ಆಗುತ್ತದೆ, ಆದರೆ ಮೊಬೈಲ್ ಡೇಟಾ ಬಂದ್ ಮಾಡಿಕೊಳ್ಳಿ. ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡ ಫೋನು ತಾನಾಗಿಯೇ ಸಿಮ್ಮಿನ ಡೇಟಾಕ್ಕೆ ಹೊರಳುತ್ತದೆ, ರೌಟರಿನ ಪುಟ ತೆರೆಯುವುದೇ ಇಲ್ಲ. ‘ಇಂಟರ್‌ನೆಟ್ ಇಲ್ಲ, ಆದರೂ ಇದರಲ್ಲೇ ಇರಬೇಕೆ’ ಎಂದು ಕೇಳಿದರೆ ಹೌದೆನ್ನಿ. ಎಷ್ಟೋ ಜನ ಇಲ್ಲೇ ಸೋತು ರೌಟರ್ ಕೆಟ್ಟಿದೆ ಎಂದು ತಿಳಿಯುತ್ತಾರೆ.

ಬ್ರೌಸರಿನಲ್ಲಿ ಸ್ಟಿಕರಿನ ವಿಳಾಸ ಹೊಡೆದು ಒಳಗೆ ಹೋಗಿ. ಮೆನುವಿನಲ್ಲಿ ‘ಆಪರೇಷನ್ ಮೋಡ್’ ಎಂಬುದಿದ್ದು ಅದರಲ್ಲಿ ‘ಆಕ್ಸೆಸ್ ಪಾಯಿಂಟ್’ ಇದ್ದರೆ ನಿಮ್ಮ ಅದೃಷ್ಟ. ಅದನ್ನು ಆರಿಸಿ, ವೈಫೈ ಹೆಸರು-ಪಾಸ್‌ವರ್ಡ್ ಕೊಟ್ಟು ಸೇವ್ ಮಾಡಿದರೆ ಮುಗಿಯಿತು. ವಿಳಾಸ, ಡಿಎಚ್‌ಸಿಪಿಯ ಕೆಲಸ ಅದೇ ನೋಡಿಕೊಳ್ಳುತ್ತದೆ. ಇಲ್ಲದಿದ್ದರೆ ಕೈಯಾರೆ ಮಾಡೋಣ. ಮಾಡುವ ಅನುಕ್ರಮ ಮುಖ್ಯ.

1. ‘ವೈರ್‌ಲೆಸ್’ ಪುಟದಲ್ಲಿ ವೈಫೈಗೆ ಹೆಸರು ಕೊಡಿ. ಸದ್ಯಕ್ಕೆ ‘ಮೆತ್ತು’ ಎಂಬಂಥ ಬೇರೆ ಹೆಸರಿರಲಿ, ಪರೀಕ್ಷೆಗೆ ಅನುಕೂಲ. ಭದ್ರತೆ ಡಬ್ಲ್ಯೂಪಿಎ2, ಅದರಲ್ಲಿ ಎಇಎಸ್. ಡಬ್ಲ್ಯೂಪಿಎಸ್ ಎಂಬ ಗುಂಡಿ ಒತ್ತಿ ಸೇರುವ ಸೌಲಭ್ಯವನ್ನು ಬಂದ್ ಮಾಡಿ.

2. ಪುಟಕ್ಕೆ ಲಾಗಿನ್ ಆಗುವ ಪಾಸ್‌ವರ್ಡ್ ಬದಲಿಸಿ. ಹುಟ್ಟಿನಿಂದ ಬಂದ ಲಾಗಿನ್ ಊರಿಗೆಲ್ಲ ಗೊತ್ತಿರುವಂಥದ್ದು.

3. ‘ಲ್ಯಾನ್’ ಪುಟದಲ್ಲಿ ಐಪಿ ವಿಳಾಸವನ್ನು 192.168.1.2 ಮಾಡಿ. ಸಬ್‌ನೆಟ್ ಮಾಸ್ಕ್ 255.255.255.0 ಹಾಗೇ ಇರಲಿ. ಸೇವ್ ಮಾಡಿದೊಡನೆ ಪುಟ ಸತ್ತಂತೆ ನಿಲ್ಲುತ್ತದೆ, ಗಾಬರಿ ಬೇಡ. ರೌಟರ್ ಮನೆ ಬದಲಿಸಿದೆ ಅಷ್ಟೆ. ವೈಫೈ ಬಿಟ್ಟು ಮತ್ತೆ ಸೇರಿ, ಬ್ರೌಸರಿನಲ್ಲಿ 192.168.1.2 ಹೊಡೆಯಿರಿ.

4. ಕಟ್ಟಕಡೆಗೆ ‘ಡಿಎಚ್‌ಸಿಪಿ’ ಪುಟಕ್ಕೆ ಹೋಗಿ ಅದನ್ನು ಬಂದ್ ಮಾಡಿ, ಸೇವ್ ಮಾಡಿ.

ಡಿಎಚ್‌ಸಿಪಿಯನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣವಿದೆ. ಅದು ನಿಂತ ಗಳಿಗೆಯಿಂದ ಈ ರೌಟರ್ ನಿಮ್ಮ ಫೋನಿಗೆ ವಿಳಾಸ ಕೊಡುವುದಿಲ್ಲ. ಫೋನು ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎನ್ನುತ್ತ ಅಲ್ಲೇ ನಿಲ್ಲುತ್ತದೆ. ಅದನ್ನೇ ಮೊದಲು ಮಾಡಿಬಿಟ್ಟರೆ ಉಳಿದ ಸೆಟ್ಟಿಂಗ್ ಮಾಡಲು ಒಳಗೆ ಹೋಗುವುದೇ ಕಷ್ಟ; ಮತ್ತೆ ಸೇಫ್ಟಿ ಪಿನ್ ಹಿಡಿಯಬೇಕು.

ಜೋಡಣೆ

ರೌಟರನ್ನು ಮೇಲೆ ಒಯ್ದು ಇಡಿ. ಕೆಳಗಿನ ಡಬ್ಬಿಯ ಒಂದು ಲ್ಯಾನ್ ಪೋರ್ಟಿನಿಂದ ಬಂದ ತಂತಿಯನ್ನು ಮೇಲಿನದರ ಲ್ಯಾನ್ ಪೋರ್ಟಿಗೇ ಹಾಕಿ. ‘ವ್ಯಾನ್’ ಅಥವಾ ‘ಇಂಟರ್‌ನೆಟ್’ ಎಂದು ಬರೆದ, ಹೆಚ್ಚಾಗಿ ಬೇರೆ ಬಣ್ಣದ ಪೋರ್ಟು ಖಾಲಿ ಇರಬೇಕು. ನಾನು ಅದರ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿಬಿಡುತ್ತೇನೆ, ಧೂಳು ಒರೆಸಲು ತಂತಿ ಕಿತ್ತವರು ತಪ್ಪಿ ಅಲ್ಲಿಗೆ ಹಾಕಬಾರದೆಂದು. ಆಕ್ಸೆಸ್ ಪಾಯಿಂಟ್ ಮೋಡ್ ಇಟ್ಟವರಿಗೆ ಈ ಕಟ್ಟುನಿಟ್ಟಿಲ್ಲ, ಅಲ್ಲಿ ಸಾಮಾನ್ಯವಾಗಿ ಯಾವ ಪೋರ್ಟಾದರೂ ನಡೆಯುತ್ತದೆ.

ಈಗ ಫೋನನ್ನು ‘ಮೆತ್ತು’ ವೈಫೈಗೆ ಸೇರಿಸಿ, ಮತ್ತೆ ಆ ಚಕ್ರದ ಗುರುತು ಒತ್ತಿ. ಫೋನಿನ ವಿಳಾಸ 192.168.1ರಿಂದ ಶುರುವಾಗಬೇಕು, ಗೇಟ್‌ವೇ 192.168.1.1 ಇರಬೇಕು. ಗೇಟ್‌ವೇ ಜಾಗದಲ್ಲಿ 192.168.1.2 ಕಂಡರೆ ಮೇಲಿನದರ ಡಿಎಚ್‌ಸಿಪಿ ಇನ್ನೂ ನಡೆಯುತ್ತಿದೆ ಎಂದರ್ಥ. ಇಷ್ಟನ್ನು ನೋಡದೆ, ನೆಟ್ ಬಂತೆಂದು ಎದ್ದುಹೋಗಬೇಡಿ.

ಒಂದು ಹೆಸರೋ, ಎರಡೋ?

ಎರಡು ದಿನ ಬೇರೆ ಹೆಸರಲ್ಲಿ ನಡೆಸಿ, ಎಲ್ಲ ಸರಿಯಿದ್ದರೆ ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಕೊಡಿ. ಅಮ್ಮನಂಥವರಿಗೆ ಯಾವ ಕೋಣೆಗೆ ಯಾವ ವೈಫೈ ಎಂಬ ಚಿಂತೆ ಇರಬಾರದು. ಆದರೆ ಯಾವ ರೌಟರಿಗೆ ಅಂಟಬೇಕೆಂದು ತೀರ್ಮಾನಿಸುವುದು ಫೋನು. ಕೆಲವು ಫೋನುಗಳು ಮೇಲೆ ಬಂದ ಮೇಲೂ ಜಗಲಿಯ ಕ್ಷೀಣ ಸಿಗ್ನಲ್ಲನ್ನೇ ಹಿಡಿದು ಕೂರುತ್ತವೆ. ಅಂಥದ್ದಕ್ಕೆ ಫೋನಿನ ವೈಫೈ ಒಮ್ಮೆ ಬಂದ್ ಮಾಡಿ ಮತ್ತೆ ಹಚ್ಚಿದರೆ ಸಾಕು. ಕಾಲ್ ನಡುವೆ ಓಡಾಡಿದರೂ ಸರಾಗವಾಗಿ ಕೈದಾಟಿಸುವ ಗುಣ ಬೇಕಾದರೆ ಒಂದೇ ಜಾಲವಾಗಿ ಕೂಡಿ ನಡೆಯುವಂತೆ ಮಾಡಿದ ಮೆಶ್ ರೌಟರ್ ಜೋಡಿಗಳಿಗೆ ಹಣ ಹಾಕಬೇಕು.

ವೈಫೈ ಅಲೆ ಹಾಯುವ ದಾರಿ, ಅಂದರೆ ಚಾನೆಲ್, ಮಾತ್ರ ಬೇರೆ ಬೇರೆ ಇರಲಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮಲ್ಲಿ 13 ಚಾನೆಲ್‌ಗಳಿದ್ದರೂ ಅಕ್ಕಪಕ್ಕದವು ಒಂದರ ಮೇಲೊಂದು ಹಾಯುತ್ತವೆ. ಒಂದಕ್ಕೊಂದು ತಾಗದವೆಂದು ಬಳಸುವುದು 1, 6, 11. ಕೆಳಗೆ 1 ಇದ್ದರೆ ಮೇಲೆ 6 ಅಥವಾ 11 ಇಡಿ, ಅಗಲ 20 ಮೆಗಾಹರ್ಟ್ಸ್ ಸಾಕು. 5 ಗಿಗಾಹರ್ಟ್ಸ್ ಇರುವ ರೌಟರಾದರೆ ಒಂದೇ ಕೋಣೆಯಲ್ಲಿ ಅದು ಬಹಳ ವೇಗ, ಗೋಡೆ ದಾಟುವುದರಲ್ಲಿ ಮಾತ್ರ 2.4ಕ್ಕಿಂತ ಹಿಂದೆ. ಇನ್ನೊಂದು: ಹಳೇ ರೌಟರಿನ ಪೆಟ್ಟಿಗೆ ಮೇಲೆ 300 ಎಂಬಿಪಿಎಸ್ ಎಂದಿದ್ದರೂ ಅದರ ಲ್ಯಾನ್ ಪೋರ್ಟು 100ರದ್ದೇ ಇದ್ದರೆ 100 ದಾಟದು. ಆನ್‌ಲೈನ್ ತರಗತಿ, ಮೀಟಿಂಗ್, ಸಿನಿಮಾ ಎಲ್ಲಕ್ಕೂ ಅಷ್ಟು ಧಾರಾಳ.

ಕೈಕೊಟ್ಟಾಗ

ಅತ್ತೆಯ ಮನೆಯಲ್ಲಿ ದಿನವೂ ಸಂಜೆ ಒಬ್ಬರಲ್ಲ ಒಬ್ಬರ ಫೋನಿಗೆ ನೆಟ್ ಹೋಗುತ್ತಿತ್ತು, ಬೆಳಗ್ಗೆ ತಾನಾಗಿ ಬರುತ್ತಿತ್ತು. ಲೈನಿನ ತಪ್ಪೆಂದು ತಿಂಗಳುಗಟ್ಟಲೆ ದೂರು ಕೊಟ್ಟಿದ್ದರು. ಹೋಗಿ ನೋಡಿದರೆ ನೆಟ್ ಹೋದ ಫೋನಿನ ಗೇಟ್‌ವೇ ಎರಡನೇ ರೌಟರಿನದು! ಅಲ್ಲಿ ಡಿಎಚ್‌ಸಿಪಿ ನಿಲ್ಲಿಸಿರಲಿಲ್ಲ. ಡಿಎಚ್‌ಸಿಪಿ ವಿಳಾಸವನ್ನು ಶಾಶ್ವತವಾಗಿ ಕೊಡುವುದಿಲ್ಲ, ಇಂತಿಷ್ಟು ಗಂಟೆಗೆಂದು ಕೊಡುತ್ತದೆ. ಫೋನು ಹೊರಗೆ ಹೋಗಿ ಬಂದು ಮತ್ತೆ ಕೇಳಿದಾಗ ಯಾವ ರೌಟರ್ ಮೊದಲು ಉತ್ತರಿಸಿತೋ ಅದರದ್ದು ಸಿಗುತ್ತಿತ್ತು. ಅದಕ್ಕೇ ಈ ತೊಂದರೆ ಬಂದು ಹೋಗಿ ಮಾಡಿ ನಮ್ಮನ್ನು ದಾರಿ ತಪ್ಪಿಸುತ್ತದೆ. ‘ಕನೆಕ್ಟ್ ಆಗಿದೆ, ಇಂಟರ್‌ನೆಟ್ ಇಲ್ಲ’ ಎಂದು ಕಂಡಾಗ ಮೊದಲು ನೋಡಬೇಕಾದ್ದು ಗೇಟ್‌ವೇ ಸಾಲು.

ಇಡೀ ಮನೆಯ ನೆಟ್ ಒಮ್ಮೆಲೇ ನಿಂತು ಎರಡೂ ರೌಟರಿನ ಲ್ಯಾನ್ ದೀಪಗಳು ಹುಚ್ಚೆದ್ದಂತೆ ಮಿನುಗುತ್ತಿದ್ದರೆ ಎರಡರ ನಡುವೆ ಎರಡು ತಂತಿ ಹೋಗಿದೆಯೇ, ಒಂದೇ ತಂತಿಯ ಎರಡು ತುದಿ ಒಂದೇ ಡಬ್ಬಿಗೆ ಸೇರಿದೆಯೇ ನೋಡಿ. ಮಾಹಿತಿ ಸುತ್ತು ಹೊಡೆಯುತ್ತ ಬೆಳೆದು ಲೈನನ್ನೇ ಕಟ್ಟಿಹಾಕುತ್ತದೆ. ಹೆಚ್ಚಿನ ತಂತಿ ಕಿತ್ತರೆ ಸರಿಹೋಗುತ್ತದೆ.

ತಂತಿ ಎಳೆಯಲಾಗದ ಮನೆ, ಬಾಡಿಗೆದಾರರಿರುವ ಮನೆ

ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲ. ಆಗ ಎರಡನೇ ರೌಟರ್ ತಂತಿಯಿಲ್ಲದೆ ಮೊದಲನೆಯದರ ವೈಫೈ ಹಿಡಿದು ಮತ್ತೆ ಬೀರುವ ರಿಪೀಟರ್ ಮೋಡೇ ಗತಿ. ಒಂದೇ ರೇಡಿಯೊದಲ್ಲಿ ಮಾತು ಕೇಳಿಸಿಕೊಂಡು ಅದನ್ನೇ ಮತ್ತೆ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ಸಿಗ್ನಲ್ ಇನ್ನೂ ಚೆನ್ನಾಗಿರುವ ಅರ್ಧದಾರಿಯಲ್ಲಿ ಇಡಬೇಕು. ತನಗೇ ಕೇಳಿಸದ್ದನ್ನು ಅದು ಇನ್ನೊಬ್ಬರಿಗೆ ಹೇಗೆ ದಾಟಿಸೀತು?

ಮಹಡಿಯ ಬಾಡಿಗೆದಾರರಿಗೆ ನೆಟ್ ಹಂಚುವವರು ಎರಡನೇ ರೌಟರನ್ನು ವ್ಯಾನ್ ಪೋರ್ಟಿನಿಂದ ಜೋಡಿಸಿ, ಬೇರೆ ವಿಳಾಸದ ಸಾಲು ಕೊಟ್ಟು, ಎರಡು ಮನೆಯೂ ಪ್ರತ್ಯೇಕವಾಯಿತು ಎಂದುಕೊಳ್ಳುತ್ತಾರೆ. ಅರ್ಧ ಮಾತ್ರ ನಿಜ. ನಿಮ್ಮ ಫೋನಿಗೆ ಅವರ ಸಾಧನ ಕಾಣದು, ಆದರೆ ಅವರ ಮಾಹಿತಿ ಹೊರಗೆ ಹೋಗುವುದೇ ನಿಮ್ಮ ಜಾಲದ ಮೂಲಕವಾದ್ದರಿಂದ ನಿಮ್ಮ ಸಿಸಿಟಿವಿ ಡಬ್ಬಿ, ಪ್ರಿಂಟರ್ ಅವರ ಕೈಗೆಟುಕುತ್ತವೆ. ಮೊದಲ ರೌಟರಿನ ಗೆಸ್ಟ್ ವೈಫೈ ಕೊಡುವುದು ಅದಕ್ಕಿಂತ ಮೇಲು. ಎಲ್ಲಕ್ಕಿಂತ ಮೇಲು ಅವರದೇ ಕನೆಕ್ಷನ್, ಏಕೆಂದರೆ ನಿಮ್ಮ ಹೆಸರಿನ ಲೈನಿನಲ್ಲಿ ನಡೆದದ್ದಕ್ಕೆ ಮೊದಲು ವಿಚಾರಣೆಗೆ ಬರುವುದು ನಿಮ್ಮ ಬಾಗಿಲಿಗೆ.

ಕರೆಂಟ್ ಹೋಗುವ ಊರಾದರೆ ಕೆಳಗಿನದಕ್ಕೆ ಯುಪಿಎಸ್ ಇದ್ದಂತೆ ಮೇಲಿನದಕ್ಕೂ ಒಂದು ಬೇಕು. 9 ವೋಲ್ಟೋ 12 ವೋಲ್ಟೋ ನೋಡಿ ತನ್ನಿ. ಗುಡುಗು ಶುರುವಾದ ಮೇಲಲ್ಲ, ಮೋಡ ಕಟ್ಟುವಾಗಲೇ ಎರಡರ ಪ್ಲಗ್ಗೂ ಕೀಳಿ, ನಡುವಿನ ಲ್ಯಾನ್ ತಂತಿಯನ್ನೂ ಒಂದು ತುದಿಯಲ್ಲಿ ಬಿಡಿಸಿಡಿ. ಕೊನೆಗೆ ಒಂದು ಚೀಟಿಯಲ್ಲಿ ‘192.168.1.2, ಡಿಎಚ್‌ಸಿಪಿ ಬಂದ್, ಲ್ಯಾನ್ ಪೋರ್ಟಿಗೇ ತಂತಿ’ ಎಂದು ಬರೆದು ಮೇಲಿನ ರೌಟರಿನ ತಳಕ್ಕೆ ಅಂಟಿಸಿ. ಎರಡು ವರ್ಷದ ನಂತರ ಯಾರೋ ರಿಸೆಟ್ ಒತ್ತಿದಾಗ, ನೀವು ಊರಲ್ಲಿಲ್ಲದಿದ್ದರೂ, ಆ ಚೀಟಿ ನೋಡಿ ಮನೆಯವರೇ ಸರಿಮಾಡಿಕೊಳ್ಳುತ್ತಾರೆ.